ಕೊಚ್ಚಿಯ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ: ಡೆಬಿಟ್ ಕಾರ್ಡ್ ಕೊಡುವ ಮೊದಲು ಓದಿ

ಹೋಟೆಲಿನ ಕೌಂಟರಿನಲ್ಲಿ ಡೆಪಾಸಿಟ್ ಎಂದು ಕಾರ್ಡ್ ಕೇಳಿದರೆ ಡೆಬಿಟ್ ಕಾರ್ಡ್ ಕೊಡಬೇಡಿ. ಉಳಿದದ್ದು ಓದಲು ಪುರುಸೊತ್ತಿಲ್ಲದಿದ್ದರೂ ಇದೊಂದು ನೆನಪಿರಲಿ. ನಾವು ಕೊಟ್ಟೆವು. ಅದರಿಂದಾಗಿ ಮಗಳ ವಿದ್ಯಾಭ್ಯಾಸ ಸಾಲದ ಕಂತು ತಪ್ಪಿತು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟ ಉಂಟು, ನಾನು ಕನ್ನಡ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತು. ಇಷ್ಟು ವರ್ಷಗಳಲ್ಲಿ ನಾವಿಬ್ಬರು ಮನೆಯಿಂದ ಹೊರಗೆ ರಾತ್ರಿ ಕಳೆದದ್ದೆಂದರೆ ನೆಂಟರ ಮನೆಯಲ್ಲಿ, ಇಲ್ಲವೇ ಹರಕೆಗೆ ಹೋದಾಗ ಧರ್ಮಸ್ಥಳ, ಸುಬ್ರಹ್ಮಣ್ಯದ ವಸತಿಗೃಹಗಳಲ್ಲಿ. ಈ ಸಲ ತೋಟಕ್ಕೆ ಮದ್ದು ಬಿಡಿಸುವ ಗಡಿಬಿಡಿಯೆಲ್ಲ ಮುಗಿದ ಮೇಲೆ ಇವರೇ ಹೇಳಿದ್ದು, “ಒಮ್ಮೆ ಒಳ್ಳೆ ಹೋಟೆಲಿನಲ್ಲಿ ಎರಡು ದಿನ ಕೂರುವ, ಎಂತದೂ ಕೆಲಸ ಮಾಡದೆ” ಎಂದು. ಹಾಗೆ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ ಇವರು. ಮಂಗಳೂರು ನಮಗೆ ಹತ್ತಿರವೇ, ಆದರೆ ಅಲ್ಲಿಗೆ ಹೋದರೆ ನಾಲ್ಕು ಮನೆಗೆ ಹೋಗದೆ ಬರಲಿಕ್ಕಾಗುವುದಿಲ್ಲ. ಹಾಗಾಗಿ ಕೊಚ್ಚಿ. ಕಾಸರಗೋಡಿನಿಂದ ಬೆಳಗ್ಗಿನ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಎರ್ನಾಕುಳಂ.

ಬುಕ್ ಮಾಡುವ ಮೊದಲು ನಾನು ಹೋಟೆಲಿಗೆ ಎರಡು ಸಲ ಫೋನ್ ಮಾಡಿದ್ದೆ. ದಂಪತಿಗಳಿಗೆಂದೇ ವಾರಾಂತ್ಯದ ಪ್ಯಾಕೇಜ್ ಅದು. ಕಾಯಲು ಅಂದರೆ ಹಿನ್ನೀರಿನ ಕಡೆ ಮುಖದ ಕೋಣೆ, ಬೆಳಗ್ಗಿನ ತಿಂಡಿ, ಒಂದು ರಾತ್ರಿ ಮೊಂಬತ್ತಿ ಬೆಳಕಿನ ಊಟ, ಈಜುಕೊಳ. ನಾವು ಶುದ್ಧ ಸಸ್ಯಾಹಾರಿಗಳು ಎಂದು ಸ್ಪಷ್ಟವಾಗಿ ಹೇಳಿ, ಊಟ ಹೇಗೆ ಎಂದು ಕೇಳಿದ್ದೆ. “ಕುಳಪ್ಪಮಿಲ್ಲ ಚೇಚೀ, ಎಲ್ಲಾಂ ಉಂಡ್” ಎಂದರು. ಏನೂ ತೊಂದರೆ ಇಲ್ಲ, ಎಲ್ಲ ಇದೆ ಎಂದು. ನಾನು ಆ ಮಾತನ್ನು ನಂಬಿದೆ. ಬರೆದು ಕಳಿಸಿ ಎಂದು ಕೇಳಲಿಲ್ಲ. ಮೇಲ್‌ನಲ್ಲಿ ಬಂದ ವೋಚರಿನಲ್ಲಿ ಇದ್ದದ್ದು ‘ವಿಶೇಷ ಊಟ ಸೇರಿದೆ’ ಎಂಬ ಒಂದೇ ಸಾಲು.

ದಿನಕ್ಕೆ 11,500 ರೂಪಾಯಿ ಎಂದಿದ್ದ ದರ ಎರಡು ರಾತ್ರಿಗೆ 27,140 ಆಯಿತು. ಇದರಲ್ಲಿ ಹೋಟೆಲಿನ ತಪ್ಪಿಲ್ಲ. ಕೋಣೆಯ ದಿನದ ಬಾಡಿಗೆ 7,500 ದಾಟಿದರೆ ಜಿಎಸ್‌ಟಿ ಶೇಕಡಾ 18, ಅದು ಹೆಚ್ಚಾಗಿ ಜಾಹೀರಾತಿನ ದರದಲ್ಲಿ ಸೇರಿರುವುದಿಲ್ಲ. ಅಂಥ ಹೋಟೆಲಿನೊಳಗಿನ ಊಟಕ್ಕೂ ಶೇಕಡಾ 18 ಬೀಳುತ್ತದೆ. ಸಾಧಾರಣ ಹೋಟೆಲಿನಲ್ಲಿ ಅದು 5.

ಶುಕ್ರವಾರ ಒಂದೂವರೆಗೆ ತಲುಪಿದೆವು. ಎರಡು ಗಂಟೆಗೆ ಎಂದಿದ್ದ ಕೋಣೆ ಸಿಕ್ಕಿದ್ದು ನಾಲ್ಕೂವರೆಗೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಆಚೆ ಒಂದು ಗೇಣಿನಷ್ಟು ನೀರು. ಅದನ್ನೂ ಸಹಿಸಿದೆವು. ಕೌಂಟರಿನಲ್ಲಿ ರಾತ್ರಿಗೆ 5,000ದಂತೆ ಹತ್ತು ಸಾವಿರ ಡೆಪಾಸಿಟ್ ಕೇಳಿದರು. ಬ್ಲಾಕ್ ಮಾತ್ರ, ಅಂದರೆ ಹಣ ಖಾತೆಯಲ್ಲೇ ತಡೆದಿಡುವುದು, ಹೊರಡುವಾಗ ತಾನಾಗಿ ಬಿಡುತ್ತದೆ ಎಂದರು. ಇವರು ಡೆಬಿಟ್ ಕಾರ್ಡ್ ಕೊಟ್ಟರು, ಪಿನ್ ಒತ್ತಿದರು. ಬಂದ ಮೆಸೇಜಿನಲ್ಲಿ ಹಣ ಖಾತೆಯಿಂದ ಹೋಗಿದೆ ಎಂದೇ ಇತ್ತು. ಆಗಲೇ ಕೇಳಬೇಕಿತ್ತು. ಮೂರು ಗಂಟೆ ಕಾದು ದಣಿದಿದ್ದೆವು, ಕೇಳಲಿಲ್ಲ.

ಶನಿವಾರದ್ದು ಹೇಳುವಾಗ ಈಗಲೂ ಸಂಕಟವಾಗುತ್ತದೆ. ಬೆಳಗ್ಗೆ ಈಜುಕೊಳದ ಕಡೆ ಹೋದರೆ ಹಗ್ಗ ಕಟ್ಟಿತ್ತು. ಅಲ್ಲಿಯೇ ಹುಲ್ಲಿನ ಮೇಲೆ ಯಾರದೋ ಮದುವೆಗೆ ವೇದಿಕೆ ಏಳುತ್ತಿತ್ತು. ಎರಡು ದಿನವೂ ಕೊಳ ಅವರಿಗೇ. ಸಂಜೆ ಏಳಕ್ಕೆ ಶುರುವಾದ ಡಿಜೆ ಹನ್ನೆರಡೂವರೆವರೆಗೆ. ನಮ್ಮ ಕೋಣೆ ನೇರ ಮೇಲೆ, ಗಾಜು ಅದುರುತ್ತಿತ್ತು. ರಿಸೆಪ್ಶನ್‌ಗೆ ನಾಲ್ಕು ಸಲ ಫೋನ್ ಮಾಡಿದೆ, ಪ್ರತಿ ಸಲವೂ “ಇನ್ನು ಹತ್ತು ನಿಮಿಷ”. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಹಾಲ್‌ಗೆ ವಿನಾಯಿತಿ ಉಂಟು. ನಾನು ತುರ್ತು ಸಹಾಯದ 112ಕ್ಕೆ ಫೋನ್ ಮಾಡಬಹುದಿತ್ತು. ನಗರದ ಹೋಟೆಲುಗಳಿಗೆ ವಾರಾಂತ್ಯದಲ್ಲಿ ಮದುವೆಯೇ ದೊಡ್ಡ ಸಂಪಾದನೆ. ಆದ್ದರಿಂದ ಬುಕ್ ಮಾಡುವಾಗಲೇ, ಆ ದಿನ ಕಾರ್ಯಕ್ರಮ ಇದೆಯೇ, ಹೊರಗೋ ಒಳಗೋ, ಕೋಣೆ ಯಾವ ಬದಿಗೆ ಎಂದು ಕೇಳಲೇಬೇಕು.

ಆ ಗದ್ದಲದ ನಡುವೆಯೇ ನಮ್ಮ ವಿಶೇಷ ಊಟ. ಮೇಜಿನ ಮೇಲೆ ಗುಲಾಬಿ ಎಸಳು, ದೀಪ. ಇವರು ಮಗಳು ಕಳಿಸಿದ ಹೊಸ ಅಂಗಿ ಹಾಕಿದ್ದರು. ಕೂತ ಮೇಲೆ ತಿಳಿಯಿತು, ಪ್ಯಾಕೇಜಿನ ಊಟ ಎಂದರೆ ಮೀನು, ಸಿಗಡಿ, ಕೋಳಿ ಮಾತ್ರ. ಸಸ್ಯಾಹಾರ ಬೇಕಾದರೆ ಮೆನು ನೋಡಿ ತರಿಸಿಕೊಳ್ಳಿ, ಬಿಲ್ ಬೇರೆ. ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ. ಯಾರು ಹೇಳಿದ್ದು, ಹೆಸರೇನು ಎಂದು ನನ್ನನ್ನೇ ಕೇಳಿದರು. ಎದ್ದು ಹೋಗಲು ಮನಸ್ಸು ಬರಲಿಲ್ಲ. ಆದರೆ ಅಲ್ಲಿಂದ ಮುಂದೆ ಇವರು ಪ್ರತಿಯೊಂದಕ್ಕೂ ಬೆಲೆ ನೋಡತೊಡಗಿದರು. ಹಸಿವಿಲ್ಲ ಎಂದರು. ಒಂದು ಸೂಪ್, ಎರಡು ರೊಟ್ಟಿ. ಇಪ್ಪತ್ತೈದು ವರ್ಷ ನನಗೂ ಮಕ್ಕಳಿಗೂ ಮೊದಲು ಬಡಿಸಲು ಬಿಟ್ಟು ಆಮೇಲೆ ಉಂಡ ಮನುಷ್ಯ, ತನಗಾಗಿ ಕೇಳಿದ ಒಂದೇ ಊಟದಲ್ಲೂ ಹೀಗೆ ಕೈ ಹಿಂದೆಗೆದದ್ದು ನೋಡಿ ನನಗೆ ತುತ್ತು ಇಳಿಯಲಿಲ್ಲ.

ಆ ಊಟದ ಬಿಲ್ 3,400. ಅದಕ್ಕೆ ಶೇಕಡಾ 10 ಸರ್ವಿಸ್ ಚಾರ್ಜ್ 340, ಎರಡೂ ಸೇರಿದ್ದಕ್ಕೆ ಜಿಎಸ್‌ಟಿ, ಒಟ್ಟು 4,413. ಸರ್ವಿಸ್ ಚಾರ್ಜ್ ಕಡ್ಡಾಯ ಎಂದರು. ಅದು ಸುಳ್ಳು. ಹೋಟೆಲುಗಳು ತಾವಾಗಿ ಬಿಲ್ಲಿನಲ್ಲಿ ಅದನ್ನು ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ನನಗೆ ಇದು ಗೊತ್ತಾದದ್ದು ಊರಿಗೆ ಬಂದ ಮೇಲೆ, ವಕೀಲನಾಗಿರುವ ಅಣ್ಣನ ಮಗನಿಂದ.

ಭಾನುವಾರ ಹೊರಡುವಾಗ ಇನ್ನೊಂದು. ಇವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಪೆನ್ನು ತಂಪಿನಲ್ಲಿಡಲೆಂದು ಕೋಣೆಯ ಫ್ರಿಜ್ಜಿನಿಂದ ಎರಡು ಜ್ಯೂಸ್ ಬಾಟಲಿ, ಒಂದು ಗೇರುಬೀಜದ ಡಬ್ಬಿ ಹೊರಗೆ ತೆಗೆದಿಟ್ಟಿದ್ದೆವು. ಒಂದರ ಮುಚ್ಚಳವನ್ನೂ ತೆರೆದಿಲ್ಲ. ಬಿಲ್ಲಿನಲ್ಲಿ 780 ರೂಪಾಯಿ. ಫ್ರಿಜ್ಜಿನಿಂದ ವಸ್ತು ಎತ್ತಿದರೆ ತಾನಾಗಿ ಬಿಲ್ಲಿಗೆ ಸೇರುವ ವ್ಯವಸ್ಥೆಯಂತೆ. ಕೋಣೆಗೆ ಆಳು ಕಳಿಸಿ ನೋಡಿ ಎಂದು ಪಟ್ಟು ಹಿಡಿದ ಮೇಲೆ ತೆಗೆದರು, ರೈಲು ತಪ್ಪುವುದೊಂದು ಬಾಕಿ. ಔಷಧಿ ಇಡಬೇಕಾದವರು ಹೋದ ಕೂಡಲೇ ಫ್ರಿಜ್ಜು ಖಾಲಿ ಮಾಡಿಸಿ. ಎಂಆರ್‌ಪಿಗಿಂತ ಹೆಚ್ಚು ಬೆಲೆ ಎಂದು ಮಾತ್ರ ಜಗಳಾಡಬೇಡಿ. ಹೋಟೆಲುಗಳು ಹಾಗೆ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ.

ಆ ಎರಡು ದಿನಗಳಲ್ಲಿ ಇವರು ಮನಸಾರೆ ನಕ್ಕದ್ದು ವಾಟರ್ ಮೆಟ್ರೋ ಎಂಬ ಊರಿನ ದೋಣಿಯಲ್ಲಿ, ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಹೋಗುವಾಗ. ಟಿಕೆಟಿಗೆ ಐವತ್ತು ರೂಪಾಯಿಯೂ ಆಗಲಿಲ್ಲ.

ಡೆಪಾಸಿಟ್ ಮೂರು ದಿನದಲ್ಲಿ ಬರುತ್ತದೆ ಎಂದಿದ್ದರು, ಬಂದದ್ದು ಹನ್ನೆರಡನೇ ದಿನ. ಅಷ್ಟರೊಳಗೆ ಐದನೇ ತಾರೀಕು ಬಂತು. ಅಡಿಕೆ ಕೊಟ್ಟ ಹಣ ಇದ್ದದ್ದು ಅದೇ ಖಾತೆಯಲ್ಲಿ, ಕಂತಿಗೆ ಸಾಲದೆ ಹೋಯಿತು. ಬ್ಯಾಂಕಿನವರು 590 ರೂಪಾಯಿ ದಂಡ ಹಾಕಿದರು. ಒಂದು ಕಂತನ್ನೂ ತಪ್ಪಿಸದವರು ಇವರು, ನನ್ನ ಹತ್ತಿರ ಹೇಳದೆ ಎರಡು ದಿನ ಒಳಗೇ ಕೊರಗಿದರು. ಬ್ಯಾಂಕಿನ ಮ್ಯಾನೇಜರ್ ವಿವರಿಸಿದ್ದು ಹೀಗೆ: ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿಯ ಒಂದು ಭಾಗ ಮಾತ್ರ ತಡೆಹಿಡಿಯಲ್ಪಡುತ್ತದೆ, ನಮ್ಮ ಹಣ ಎಲ್ಲಿಗೂ ಹೋಗುವುದಿಲ್ಲ. ನಮ್ಮ ವಿಷಯದಲ್ಲಿ ಹೋಟೆಲಿನವರು ನೇರ ಮಾರಾಟ ಎಂದೇ ಹಣ ಎಳೆದು, ಆಮೇಲೆ ರಿಫಂಡ್ ಹಾಕಿದ್ದರು. ಕ್ರೆಡಿಟ್ ಕಾರ್ಡ್ ಇಲ್ಲದವರು ಮೊದಲೇ ವಿಚಾರಿಸಿ, ಡೆಪಾಸಿಟ್ಟನ್ನು ನಗದಾಗಿ ಕಟ್ಟಿ ರಶೀದಿ ಪಡೆಯಿರಿ, ಹೊರಡುವಾಗ ನಗದಾಗಿಯೇ ಎಣಿಸಿ ತೆಗೆದುಕೊಳ್ಳಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಲ್ಲಿನ ಫೋಟೋ ಕಳಿಸಿದ ಮೇಲೆ ಸರ್ವಿಸ್ ಚಾರ್ಜ್ ವಾಪಸ್ ಬಂತು. ಊಟದ್ದಕ್ಕೂ ಈಜುಕೊಳದ್ದಕ್ಕೂ ಹೋಟೆಲಿನವರು ಒಪ್ಪಿಲ್ಲ. ಅದಕ್ಕೆ ಕೊಚ್ಚಿಗೆ ಓಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅರ್ಜಿ ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿ ಇಲ್ಲದಿರುವುದು ಒಂದೇ, ಆ ಫೋನಿನ ಮಾತಿಗೆ ಬರಹದ ಸಾಕ್ಷಿ.

ಈಗಾಗಲೇ ಎಲ್ಲಿಯಾದರೂ ಬುಕ್ ಮಾಡಿದವರು ಇದ್ದರೆ ವೋಚರ್ ತೆಗೆದು, ಹಣ ಕಡಿತವಿಲ್ಲದೆ ರದ್ದು ಮಾಡಲು ಕೊನೆಯ ದಿನ ಯಾವುದೆಂದು ಇವತ್ತೇ ನೋಡಿ. ಆ ದಿನದೊಳಗೆ ಊಟ, ಕೋಣೆಯ ಬದಿ, ಮದುವೆ, ಡೆಪಾಸಿಟ್, ಈ ನಾಲ್ಕಕ್ಕೂ ಹೋಟೆಲಿನಿಂದ ವಾಟ್ಸಾಪಿನಲ್ಲೋ ಮೇಲ್‌ನಲ್ಲೋ ಉತ್ತರ ತರಿಸಿಕೊಳ್ಳಿ. ಉತ್ತರ ಬರದಿದ್ದರೆ ರದ್ದು ಮಾಡಿ.