ಹ್ಯಾಂಡಲ್ ಎತ್ತರಿಸಿದ್ದು ನಾಲ್ಕು ಸಲ, ಉಳಿಸಿಕೊಂಡಿದ್ದು ಒಂದು

ತಲಕಾವೇರಿಯಿಂದ ಭಾಗಮಂಡಲಕ್ಕೆ ಎಂಟು ಕಿಲೋಮೀಟರ್ ಸೈಕಲ್ಲಿನಲ್ಲಿ ಇಳಿದು ಬಂದು ಕಾಫಿ ಲೋಟ ಹಿಡಿದರೆ ನನ್ನ ಕಿರುಬೆರಳು, ಉಂಗುರ ಬೆರಳು ಎರಡೂ ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಂಗೈ ಬುಡದಲ್ಲಿ ಹಾದುಹೋಗುವ ನರ ಒತ್ತಿದರೆ ಈ ಎರಡು ಬೆರಳೇ ಮೊದಲು ಜೋಮು ಹಿಡಿಯುವುದು. ದಪ್ಪ ಗ್ಲೌಸ್ ಹಾಕಿದೆ, ಗ್ರಿಪ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೊಂದು ದಿನ ಕಾಫಿ ಕಣದಲ್ಲಿ ಸೈಕಲ್ ನಿಲ್ಲಿಸಿ ಟೇಪ್ ಹಿಡಿದೆ. ನೆಲದಿಂದ ಸೀಟು 104 ಸೆಂ.ಮೀ., ಗ್ರಿಪ್ 100. ಐದಡಿ ಹನ್ನೊಂದಿಂಚು ಎತ್ತರ, ಅದರಲ್ಲೂ ಕಾಲೇ ಉದ್ದ ಇರುವ ನಾನು ಸೀಟಿಗಿಂತ ನಾಲ್ಕು ಸೆಂ.ಮೀ. ಕೆಳಗಿರುವ ಹ್ಯಾಂಡಲ್‌ಗೆ ಬಾಗಿ, ಮೈಭಾರವನ್ನೆಲ್ಲ ಅಂಗೈ ಮೇಲೆ ಹೇರುತ್ತಿದ್ದೆ.

ಸೈಕಲ್ಲಿನ ಜಾತಕ ಇಷ್ಟು: 29 ಇಂಚಿನ ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಗುಡ್ಡಗಾಡಿನ ಸೈಕಲ್), ಹೆಡ್ ಆಂಗಲ್ (ಮುಂದಿನ ಫೋರ್ಕ್ ವಾಲಿರುವ ಕೋನ) 66 ಡಿಗ್ರಿ, ಸ್ಟೆಮ್ (ಬಾರನ್ನು ಫೋರ್ಕಿಗೆ ಕಚ್ಚಿಸುವ ತುಂಡು) 50 ಮಿ.ಮೀ., ಜೊತೆಗೆ ಬಂದ ಬಾರ್‌ನ ರೈಸ್ (ಮಧ್ಯಕ್ಕಿಂತ ತುದಿಗಳು ಎಷ್ಟು ಮೇಲಿವೆ ಎನ್ನುವ ಅಳತೆ) 15 ಮಿ.ಮೀ. ಇದರ ಮೇಲೆ ಒಂದು ವರ್ಷದಲ್ಲಿ ನಾಲ್ಕು ಪ್ರಯೋಗ ಮಾಡಿದೆ. ಪರೀಕ್ಷೆಗೆ ಎರಡು ದಾರಿ. ಒಂದು, ಮನೆ ಹಿಂದಿನ ತೋಟದ ದಾರಿ: ಕಾರ್ಮಿಕರ ಲೈನ್ ಮನೆ ದಾಟಿ ತೋಡಿನವರೆಗೆ (ಹಳ್ಳದವರೆಗೆ) ಇಳಿತ, ಗದ್ದೆ ಬದಿಯಲ್ಲಿ ಸ್ವಲ್ಪ ಸಮ, ಆಮೇಲೆ ಬಾಣೆಗೆ, ಅಂದರೆ ಗದ್ದೆ ಮೇಲಿನ ಗುಡ್ಡಕ್ಕೆ, ಕಡಿದಾದ ಏರು. ಇನ್ನೊಂದು, ಭಾಗಮಂಡಲದಿಂದ ತಲಕಾವೇರಿಗೆ ಹತ್ತಿ ಇಳಿಯುವ ಡಾಂಬರು ರಸ್ತೆ.

ಮೊದಲು ಕಾಸು ಖರ್ಚಿಲ್ಲದ ದಾರಿ ಹಿಡಿದೆ. ಸ್ಟೆಮ್ ಮೇಲಿದ್ದ 10 ಮಿ.ಮೀ. ಸ್ಪೇಸರ್ ರಿಂಗನ್ನು ಸ್ಟೆಮ್ ಕೆಳಗೆ ಹಾಕಿದೆ. ಹತ್ತು ನಿಮಿಷದ ಕೆಲಸ. ಒಂದು ಸೆಂಟಿಮೀಟರ್‌ಗೂ ಕಡಿಮೆ ಏರಿತು, ಬೆರಳಿಗೆ ಏನೂ ಗೊತ್ತಾಗಲಿಲ್ಲ. ನನ್ನ ಸ್ಟೆಮ್ ಆರು ಡಿಗ್ರಿ ಕೆಳಮುಖವಾಗಿತ್ತು, ಅದನ್ನು ತಿರುವಿ ಹಾಕಿದರೆ ಇನ್ನೊಂದು ಸೆಂಟಿಮೀಟರ್. ಬಂದದ್ದು ಬರಲಿ ಎಂದು ಅದನ್ನೂ ಮಾಡಿ, ಇದನ್ನು ಅರ್ಧ ಪ್ರಯೋಗ ಎಂದು ಬರೆದುಕೊಂಡೆ. ಇಳಿತದ ಕೊನೆಯಲ್ಲಿ ಶುರುವಾಗುತ್ತಿದ್ದ ಜೋಮು ಇನ್ನೊಂದೆರಡು ತಿರುವು ಮುಂದೆ ಹೋಯಿತು, ಅಷ್ಟೆ. ಆದರೂ ಹೊಸಬರಿಗೆ ನಾನು ಹೇಳುವುದು ಇದನ್ನೇ ಮೊದಲು ಮಾಡಿ ಎಂದು. ಫೋರ್ಕಿನಿಂದ ಮೇಲೆ ಬಂದು ಸ್ಟೆಮ್ ಒಳಗೆ ಹೋಗುವ ಸ್ಟೀರರ್ ಪೈಪಿನ ತುದಿ, ಎಲ್ಲಕ್ಕಿಂತ ಮೇಲೆ ಕೂತ ರಿಂಗ್ ಅಥವಾ ಸ್ಟೆಮ್‌ನ ಅಂಚಿಗಿಂತ ಎರಡು ಮೂರು ಮಿ.ಮೀ. ಒಳಗಿರಬೇಕು, ಅದೊಂದನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ಟಾಪ್ ಕ್ಯಾಪ್ ಎಷ್ಟೇ ಬಿಗಿದರೂ ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಲಟಪಟ ಅನ್ನುತ್ತದೆ.

ಎರಡನೆಯದು ಎಕ್ಸ್‌ಟೆಂಡರ್. ಸ್ಟೀರರ್ ಪೈಪಿಗೆ ಕಚ್ಚಿಸಿ ಅದರ ಮೇಲೆ ಸ್ಟೆಮ್ ಕೂರಿಸುವ ತುಂಡು ಕೊಳವೆ. ಏಳು ನೂರು ರೂಪಾಯಿಗೆ ಏಳು ಸೆಂ.ಮೀ. ಎತ್ತರ, ಆಸೆ ಹುಟ್ಟಿಸುವ ಲೆಕ್ಕ. ಆದರೆ ಸ್ಟೀರರ್ ನೆಟ್ಟಗೆ ನಿಂತಿಲ್ಲವಲ್ಲ, ಹಿಂದಕ್ಕೆ ವಾಲಿದೆ. 66 ಡಿಗ್ರಿಯಲ್ಲಿ ಏಳು ಸೆಂ.ಮೀ. ಮೇಲೆ ಹೋಗುವಾಗ ಹ್ಯಾಂಡಲ್ ಸುಮಾರು ಮೂರು ಸೆಂ.ಮೀ. ನಮ್ಮ ಎದೆಯ ಕಡೆಗೂ ಬರುತ್ತದೆ. ಅಪ್ಪ ನೋಡಿ, ‘ಇದೀಗ ನನ್ನ ಅಟ್ಲಾಸ್ ಇದ್ದ ಹಾಗಾಯ್ತು ನೋಡು’ ಎಂದರು. ಅವರು ಹೊಗಳಿದ್ದು, ನನಗೆ ಮಾತ್ರ ತೀರ್ಪು ಸಿಕ್ಕಿಬಿಟ್ಟಿತು. ಡಾಂಬರಿನಲ್ಲಿ ಮಹಾರಾಜನ ಹಾಗೆ ಕೂತು ಹೋಗಬಹುದು. ಬಾಣೆ ಏರಿನಲ್ಲಿ ಎದ್ದು ನಿಂತು ತುಳಿದರೆ ಮೊಣಕಾಲು ಬಾರ್‌ಗೆ ತಾಗುತ್ತಿತ್ತು, ಕಲ್ಲಿನ ಇಳಿತದಲ್ಲಿ ಕಿರ್ ಕಿರ್ ಸದ್ದು ಬೇರೆ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಆ ಉದ್ದ ಸನ್ನೆ ಹೊಡೆತವನ್ನೆಲ್ಲ ತಂದು ಹಾಕುವುದು ಸ್ಟೀರರ್ ತುದಿಯ ಮೇಲೆ. ಎರಡನೇ ವಾರಕ್ಕೆ ಬಿಚ್ಚಿದೆ. ಕಲ್ಲು ದಾರಿಯಲ್ಲಿ ಓಡಿಸುವವರು ಇದರ ಹತ್ತಿರವೂ ಹೋಗಬೇಡಿ.

ಇನ್ನು ಉಳಿದದ್ದು ಬಾರನ್ನೇ ಬದಲಿಸುವುದು. ಆನ್‌ಲೈನ್‌ನಲ್ಲಿ ತರಿಸಿದೆ. 31.8 ಮಿ.ಮೀ. ದಪ್ಪದ್ದು ಎಂದು ಆರ್ಡರ್ ಮಾಡಿದ್ದೆ, ಮಾರಿದವರು ಕಳಿಸಿದ್ದು 35. ಮಧ್ಯದ ದಪ್ಪ ಭಾಗ ಸ್ಟೆಮ್ ಬಾಯಿಗೆ ಹೋಗಲೇ ಇಲ್ಲ. ಸುಂಟಿಕೊಪ್ಪದ ಗೆಳೆಯ ಫೋನಿನಲ್ಲಿ, ‘ತಗಡು ಸುತ್ತಿ ಕೂರಿಸು ಮಾರಾಯ’ ಎಂದ. ತೆಳ್ಳಗಿನ ಬಾರ್ ದೊಡ್ಡ ಸ್ಟೆಮ್‌ನಲ್ಲಿದ್ದರೆ ಸಂದು ತುಂಬಲು ಅದಕ್ಕೆಂದೇ ಮಾಡಿದ ಶಿಮ್ ಎಂಬ ಬಳೆ ಸಿಗುತ್ತದೆ, ಇಲ್ಲಿ ಉಲ್ಟಾ ಆಗಿತ್ತು. ವಾಪಸು ಕಳಿಸಿ ಸರಿಯಾದದ್ದು ಬರಲು ಮೂರು ವಾರ ಹಿಡಿಯಿತು. ಈ ಸಲ ಎರಡು ತರಿಸಿದ್ದೆ: 50 ಮಿ.ಮೀ. ರೈಸ್ ಒಂದು, 76 ಮಿ.ಮೀ. ಒಂದು. ಎರಡೂ ಅಲ್ಯುಮಿನಿಯಂ, ಎರಡೂ 800 ಮಿ.ಮೀ. ಅಗಲ. ಹೋಲಿಕೆ ನ್ಯಾಯವಾಗಿರಲಿ ಎಂದು ಸ್ಟೆಮ್, ರಿಂಗ್ ಎರಡನ್ನೂ ಮೊದಲಿನ ಹಾಗೇ ಹಾಕಿದೆ.

50ರಲ್ಲಿ ಗ್ರಿಪ್ ಸರಿಸುಮಾರು ಸೀಟಿನ ಮಟ್ಟಕ್ಕೆ ಬಂತು. ಮೊದಲ ದಿನವೇ ಕುತ್ತಿಗೆ ಹಗುರ. ತೋಡಿನ ಇಳಿತದಲ್ಲಿ ಮೊದಲೆಲ್ಲ ಸೊಂಟವನ್ನು ಹಿಂದಿನ ಚಕ್ರದ ಮೇಲೆ ತೂಗಿಬಿಟ್ಟು ಇಳಿಯುತ್ತಿದ್ದವನು ಈಗ ಸೈಕಲ್ ನಡುವೆಯೇ ನಿಂತು ಇಳಿಯತೊಡಗಿದೆ. ತಲಕಾವೇರಿ ಇಳಿದು ಬಂದು ಲೋಟ ಹಿಡಿದಾಗ ಐದೂ ಬೆರಳಿಗೆ ಬಿಸಿ ತಾಗಿತು.

76 ಹಾಕಿದ್ದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಗ್ರಿಪ್ ಸೀಟಿಗಿಂತ ಎರಡು ಸೆಂ.ಮೀ. ಮೇಲೆ. ಕಡಿದಾದ ಇಳಿತಕ್ಕೆ ಇದರ ಸಮ ಇಲ್ಲ, ಖಂಡಿತ. ಎದುರಿಗೆ ಗುಂಡಿ ಬಂದರೂ ಮುಗ್ಗರಿಸುವ ಹೆದರಿಕೆ ಇಲ್ಲ. ಆದರೆ ಕೊಡಗಿನಲ್ಲಿ ಇಳಿದವನು ಹತ್ತಲೇಬೇಕು, ಜೀಪಿನಲ್ಲಿ ಸೈಕಲ್ ಹೇರಿಕೊಂಡು ಹೋಗುವಷ್ಟು ಶ್ರೀಮಂತ ನಾನಲ್ಲ. ಬಾಣೆ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಅತ್ತಿತ್ತ ಅಲೆಯಿತು, ಎರಡು ಕಡೆ ಎದ್ದೇಬಿಟ್ಟಿತು. ಸೀಟನ್ನು ಒಂದು ಸೆಂ.ಮೀ. ಮುಂದೆ ತಳ್ಳಿ, ಮೂತಿ ಸ್ವಲ್ಪ ತಗ್ಗಿಸಿ, ಮೊಣಕೈ ಮಡಚಿ ಹತ್ತಿದರೆ ಸುಧಾರಿಸುತ್ತದೆ. ಅದಕ್ಕಿಂತ ತಲೆನೋವು ಗದ್ದೆ ಬದಿಯ ಸಮ ತಿರುವಿನಲ್ಲಿ. ನೆನೆದ ಸಿಲ್ವರ್ ಓಕ್ ಎಲೆ ಹಾಸಿದ ಜಾಗ ಅದು. ಮುಂದಿನ ಚಕ್ರದ ಮೇಲೆ ಭಾರ ಇಲ್ಲದೆ ಅದು ಜಾರಿ, ನಾನು ಅಂಗಾತ ಕೆಸರಿಗೆ. ಎದ್ದು ಬರುವಷ್ಟರಲ್ಲಿ ಕಾಲಿಗೆ ಮೂರು ಜಿಗಣೆ.

ರೈಸ್ ಹೆಚ್ಚಾದಷ್ಟೂ ಬಾರ್ ತಿರುಗಿಸುವ ಲೆಕ್ಕ ಸೂಕ್ಷ್ಮ ಎನ್ನುವುದು 76 ಕಲಿಸಿದ ಪಾಠ. ಅದನ್ನು ಐದು ಡಿಗ್ರಿ ಹಿಂದಕ್ಕೆ ಹೊರಳಿಸಿದರೆ ಗ್ರಿಪ್ ಆರೇಳು ಮಿ.ಮೀ. ಹಿಂದೆ ಬರುತ್ತದೆ, ಜೊತೆಗೆ ಮಣಿಕಟ್ಟಿನ ಕೋನವೂ ಕೆಡುತ್ತದೆ. ಮೊದಲು ನಾನು ಬಾರನ್ನು ಫೋರ್ಕಿನ ವಾಲಿಕೆಗೆ ಸರಿಯಾಗಿ ಕಟ್ಟಿದ್ದೆ, ಎಕ್ಸ್‌ಟೆಂಡರ್ ಮಾಡಿದ ತಪ್ಪನ್ನೇ ಅರ್ಧ ನಾನೂ ಮಾಡಿದ್ದೆ. ಸ್ವಲ್ಪ ಮುಂದಕ್ಕೆ ಹೊರಳಿಸಿ, ಹೆಚ್ಚು ಕಡಿಮೆ ನೆಟ್ಟಗೆ ನಿಲ್ಲಿಸಿದ ಮೇಲೆ ಎದೆಗೆ ಜಾಗ ಸಿಕ್ಕಿತು. ಆಗಲೂ ಮೇಲಿನ ದೂರು ಪೂರ್ತಿ ಹೋಗಲಿಲ್ಲ.

ಬಾರ್ ಬೆಲೆಯ ಹಿಂದೆ ಅಡಗಿ ಕೂತ ಖರ್ಚು ಇನ್ನೊಂದಿದೆ: ಬ್ರೇಕಿನ ಹೋಸ್, ಅಂದರೆ ಲಿವರ್‌ನಿಂದ ಬ್ರೇಕಿಗೆ ಎಣ್ಣೆ ಒಯ್ಯುವ ಕೊಳವೆ. ಹೊಸ ಬಾರ್ ಬಿಗಿಯುವ ಮುಂಚೆ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. 50ಕ್ಕೆ ಫ್ರೇಮಿನ ಕ್ಲಿಪ್ ಸಡಿಲಿಸಿ ಹೋಸನ್ನು ಎರಡು ಸೆಂ.ಮೀ. ಮುಂದೆ ಎಳೆದರೆ ಸಾಕಾಯಿತು. 76ಕ್ಕೆ ಹಿಂದಿನ ಬ್ರೇಕಿನ ಹೋಸ್ ವೀಣೆ ತಂತಿಯ ಹಾಗೆ ಬಿಗಿದು ನಿಂತಿತು. ಉದ್ದದ ಹೋಸ್, ಅದರ ತುದಿ ಬಿಗಿಯುವ ಆಲಿವ್ ಎಂಬ ಹೊಸ ಬಳೆ, ಮಿನರಲ್ ಆಯಿಲ್, ಗೇರ್ ಕೇಬಲ್ಲೂ ಹೊಸತು, ಎಲ್ಲ ಸೇರಿ ಬಾರ್‌ನ ಅರ್ಧ ಬೆಲೆ. ಹೋಸ್ ಒಳಗಿನ ಗಾಳಿ ತೆಗೆಯುವ ಕೆಲಸ ನಾನೇ ಮಾಡಿದೆ, ಅರ್ಧಂಬರ್ಧ. ತಲಕಾವೇರಿ ಇಳಿಯುವಾಗ ಮೂರನೇ ತಿರುವಿಗೆ ಲಿವರ್ ಸೀದಾ ಗ್ರಿಪ್‌ಗೆ ಬಂದು ಅಂಟಿಕೊಂಡಿತು. ಮುಂದಿನ ಬ್ರೇಕ್ ಒಂದನ್ನೇ ನಂಬಿ, ಉಳಿದ ದಾರಿಯಲ್ಲಿ ಅರ್ಧ ನಡೆದೇ ಇಳಿದೆ.

ಅಗಲದ ಬಗ್ಗೆ ಒಂದು ಮಾತು. 800 ಮಿ.ಮೀ. ತೋಟದೊಳಗೆ ಅತಿಯಾಯಿತು. ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಗಳ ಸಂದಿನಲ್ಲಿ ಗೆಣ್ಣು ತರಚಿಕೊಂಡ ಮೇಲೆ 50ರ ಬಾರನ್ನು ಎರಡೂ ಕಡೆ 20 ಮಿ.ಮೀ. ಹಾಕ್ಸಾದಲ್ಲಿ ಕೊಯ್ದೆ. ಗ್ರಿಪ್ ಒಳಗೆ ಸರಿಸಿ ಒಂದು ವಾರ ಓಡಿಸಿ ನೋಡಿ, ಆಮೇಲೆ ಕೊಯ್ಯಿರಿ.

ಈಗ ಸೈಕಲ್ ಮೇಲಿರುವುದು ಆ ಕೊಯ್ದ 50. ಮಳೆಗಾಲ ಕಳೆದ ಮೇಲೆ ಅದೇ 10 ಮಿ.ಮೀ. ರಿಂಗನ್ನು ಮತ್ತೆ ಸ್ಟೆಮ್ ಕೆಳಗೆ ಹಾಕಿದ್ದೇನೆ, ಈ ಬಾರ್ ಜೊತೆ ಅದರ ವ್ಯತ್ಯಾಸ ಕೈಗೆ ಗೊತ್ತಾಗುತ್ತಿದೆ. ಕೊರಡು ಹಾರಿಸುವುದೇ ಕೆಲಸವಾಗಿರುವ ತಂಗಿ ಮಗ 76 ಅನ್ನು ಒಯ್ದ, ಹೋಸ್ ಸಮೇತ. ಎಕ್ಸ್‌ಟೆಂಡರ್ ಅಪ್ಪನ ಕೇಳಿಕೆಯ ಮೇಲೆ ಅವರು ಹಾಲು ತರಲು ಒಯ್ಯುವ ಹಳೇ ಗೇರ್ ಸೈಕಲ್ಲಿಗೆ ಹೋಗಿದೆ. ಅಲ್ಲಿ ಅದು ಕಿರ್ ಅನ್ನುವುದಿಲ್ಲ.