ಮಾಟುಂಗಾದ ಕ್ಷುದ್ರಗ್ರಹ ತರಗತಿ: ಅಳತೆಯ ಪಾಠಕ್ಕೆ ಒಳ್ಳೆಯ ಅಂಕ, ಪ್ರಚಾರಪತ್ರಕ್ಕೆ ಇಲ್ಲ

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ ಖಾಸಗಿ ಸಂಸ್ಥೆಯೊಂದು ಪ್ರೌಢಶಾಲೆ ಮತ್ತು ಜೂನಿಯರ್ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಭಾನುವಾರಗಳಂದು ಕ್ಷುದ್ರಗ್ರಹ ಶೋಧದ ತರಗತಿ ನಡೆಸುತ್ತದೆ. ಎಸ್‌ಎಸ್‌ಸಿ ಮುಗಿಸಿದ ಅಕ್ಕನ ಮಗನನ್ನು ಅದಕ್ಕೆ ಸೇರಿಸಿದೆವು. ಪೋಷಕರು ಹಿಂದಿನ ಸಾಲಿನಲ್ಲಿ ಕೂರಬಹುದಾದ್ದರಿಂದ ನಾನೂ ಕುಳಿತು ಕೇಳಿದೆ. ಕ್ಷುದ್ರಗ್ರಹಗಳ ಅಧ್ಯಯನವನ್ನೇ ವೃತ್ತಿಯಾಗಿಸಿಕೊಳ್ಳುತ್ತೇನೆಂದು ಹುಡುಗ ಹಟ ಹಿಡಿದಿರುವುದರಿಂದ, ಆ ವೃತ್ತಿಯ ದಿನನಿತ್ಯದ ಕೆಲಸವನ್ನು ಈ ತರಗತಿ ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದನ್ನೇ ಮುಖ್ಯವಾಗಿ ಗಮನಿಸಿದೆ.

ತರಗತಿಯ ತಿರುಳು ಅಳತೆಯ ಪಾಠ, ಮತ್ತು ಅದು ನಿಜಕ್ಕೂ ಚೆನ್ನಾಗಿದೆ. ಹವಾಯಿಯ ಹಾಲೇಆಕಲಾ ಪರ್ವತದ ಮೇಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕ ಆಕಾಶದ ಒಂದೇ ಭಾಗವನ್ನು ಸ್ವಲ್ಪ ಸ್ವಲ್ಪ ಹೊತ್ತಿನ ಅಂತರದಲ್ಲಿ ತೆಗೆದ 4 ಚಿತ್ರಗಳನ್ನು ಅಸ್ಟ್ರೊಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ತೆರೆದು, ಒಂದರ ಹಿಂದೊಂದರಂತೆ ಮಿನುಗಿಸಿ ನೋಡಬೇಕು. ನಕ್ಷತ್ರಗಳು ಕದಲುವುದಿಲ್ಲ, ಕ್ಷುದ್ರಗ್ರಹವಾದರೆ ಚುಕ್ಕೆ ಸರಳರೇಖೆಯಲ್ಲಿ, ಒಂದೇ ವೇಗದಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಕಾಶದಲ್ಲಿ ಮುಂದೆ ಸರಿಯುತ್ತದೆ. ಹಾಗೆ ಸರಿಯುವಂತೆ ಕಾಣುವುದರಲ್ಲಿ ಬಹುಪಾಲು ಕ್ಯಾಮೆರಾ ಸಂವೇದಕದ ದೋಷ ಅಥವಾ ಬಾಹ್ಯಾಕಾಶದಿಂದ ಬಂದು ಅದಕ್ಕೆ ಬಡಿದ ಕಾಸ್ಮಿಕ್ ಕಿರಣದ ಗುರುತು ಎಂಬುದನ್ನು ಶಿಕ್ಷಕಿ ಬಾಯಲ್ಲಿ ಹೇಳಿ ಮುಗಿಸದೆ, ಮಕ್ಕಳು ಸಂಭ್ರಮದಿಂದ ತೋರಿಸಿದ ಪ್ರತಿ ಚುಕ್ಕೆಯನ್ನೂ ದೊಡ್ಡದು ಮಾಡಿ, ಅದು ಏಕೆ ಕ್ಷುದ್ರಗ್ರಹವಲ್ಲ ಎಂದು ಅವರಿಂದಲೇ ಹೇಳಿಸಿದರು. ಉಳಿದ ಚುಕ್ಕೆಯ ಸ್ಥಾನವನ್ನು ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ಅಳೆದು, ಕ್ಷುದ್ರಗ್ರಹಗಳ ವೀಕ್ಷಣೆಗಳನ್ನು ದಾಖಲಿಸುವ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ನಿಗದಿಪಡಿಸಿದ 80 ಅಕ್ಷರಗಳ ಸಾಲಿನಲ್ಲಿ ವರದಿಯಾಗಿ ಬರೆಯಬೇಕು. ಅದರಲ್ಲಿ ಒಂದು ಖಾಲಿ ಜಾಗ ಆಚೀಚೆಯಾದರೂ ಅಂಕಿಗಳು ತಪ್ಪು ಕಾಲಂಗೆ ಬೀಳುತ್ತವೆ. ಬ್ಯಾಂಕಿನ ಲೆಕ್ಕಪತ್ರ ವಿಭಾಗದಲ್ಲಿ ಆಯುಷ್ಯ ಕಳೆದ ನನಗೆ ಈ ಭಾಗ ಬಹಳ ಹಿಡಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಒಂದು ಭಾನುವಾರ ಪೂರ್ತಿ 2024 ವೈಆರ್4 ಎಂಬ ಕ್ಷುದ್ರಗ್ರಹಕ್ಕೆ ಮೀಸಲಾಗಿತ್ತು. 2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಕಂಡ ಇದು 2032ರ ಡಿಸೆಂಬರ್ 22ರಂದು ಭೂಮಿಗೆ ಅಪ್ಪಳಿಸುವ ಸಂಭವ 2025ರ ಫೆಬ್ರವರಿಯಲ್ಲಿ ಶೇ 3.1ರವರೆಗೂ ಏರಿತ್ತು, ಮತ್ತು ಅದು ಬೀಳಬಹುದಾದ ಜಾಗಗಳಲ್ಲಿ ಮುಂಬಯಿಯ ಹೆಸರೂ ಇದ್ದುದರಿಂದ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕೆಲವು ದಿನ ಬೇರೆ ಮಾತೇ ಇರಲಿಲ್ಲ. ಏರಿದ ಸಂಭವ ಅದೇ ತಿಂಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದದ್ದು ಏಕೆ? ಹೊಸ ವೀಕ್ಷಣೆಗಳು ಬಂದಂತೆ, ಆ ದಿನ ಕ್ಷುದ್ರಗ್ರಹ ಇರಬಹುದಾದ ಪ್ರದೇಶ ಕುಗ್ಗುತ್ತದೆ. ಕುಗ್ಗಿದ ಪ್ರದೇಶದೊಳಗೆ ಭೂಮಿ ಇನ್ನೂ ಉಳಿದಿರುವವರೆಗೆ ಭೂಮಿಯ ಪಾಲು ದೊಡ್ಡದಾಗುತ್ತಲೇ ಹೋಗಿ, ಸಂಭವ ಏರುತ್ತದೆ; ಭೂಮಿ ಅದರಿಂದ ಹೊರಬಿದ್ದೊಡನೆ ಸಂಭವ ಥಟ್ಟನೆ ಬಿದ್ದುಹೋಗುತ್ತದೆ. ಧಾರವಾಡ ಕಡೆಯವರಾದ ಶಿಕ್ಷಕಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ, ಅರ್ಥವಾಗದ ಮುಖ ಮಾಡಿ ಕುಳಿತಿದ್ದ ನಮ್ಮ ಹುಡುಗನಿಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. 2020ರ ಆಗಸ್ಟ್‌ನಲ್ಲಿ ಭೂಮಿಯಿಂದ ಸುಮಾರು 2,950 ಕಿಲೋಮೀಟರ್ ಎತ್ತರದಲ್ಲಿ ಹಾದುಹೋದ 2020 ಕ್ಯುಜಿ ಎಂಬ ಕ್ಷುದ್ರಗ್ರಹವನ್ನು ಪತ್ತೆಹಚ್ಚಿದವರಲ್ಲಿ ಪವಾಯಿಯ ಐಐಟಿ ಬಾಂಬೆಯ ವಿದ್ಯಾರ್ಥಿಗಳೂ ಇದ್ದರೆಂದು ತಿಳಿದಾಗ ಮಕ್ಕಳ ಕಣ್ಣು ಅರಳಿದ್ದು ಸಹಜ. ಆ ವಿದ್ಯಾರ್ಥಿಗಳು ನೋಡುತ್ತಿದ್ದುದೂ ದೂರದರ್ಶಕದೊಳಗೆ ಇಣುಕಿಯಲ್ಲ, ಪರದೆಯ ಮೇಲಿನ ಚಿತ್ರಗಳನ್ನೇ.

ಇಷ್ಟು ಒಳ್ಳೆಯ ತರಗತಿಗೆ ಅಂಥ ಪ್ರಚಾರಪತ್ರ ಬೇಕಿರಲಿಲ್ಲ. ಮಗು ಕ್ಷುದ್ರಗ್ರಹ ಕಂಡುಹಿಡಿದು ತನ್ನ ಹೆಸರಿಡಬಹುದು ಎಂದು ಅದರಲ್ಲಿ ಅಚ್ಚು ಹಾಕಿಸಿದ್ದಾರೆ. ವಿದ್ಯಾರ್ಥಿಗಳು ಗುರುತಿಸುವುದು ಪ್ರಾಥಮಿಕ ಪತ್ತೆ ಮಾತ್ರ. ಬೇರೆಯವರ ವೀಕ್ಷಣೆಗಳೂ ಸೇರಿ ಕಕ್ಷೆ ಖಚಿತವಾಗಿ, ಕ್ರಮಸಂಖ್ಯೆ ದೊರೆಯಲು ವರ್ಷಗಳೇ ಹಿಡಿಯುತ್ತವೆ, ಹೆಸರಿನ ಮಾತು ಅದರ ನಂತರದ್ದು, ಮತ್ತು ಶೋಧಿಸಿದವರು ತಮ್ಮದೇ ಹೆಸರಿಡುವ ಪದ್ಧತಿ ಇಲ್ಲ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ 1988ರಲ್ಲಿ ಕಂಡುಹಿಡಿದದ್ದು 4130 ರಾಮಾನುಜನ್ ಆಯಿತೇ ಹೊರತು ರಾಜಮೋಹನ್ ಆಗಲಿಲ್ಲ. ಇನ್ನು ಶುಲ್ಕದ ಮಾತು. ಚಿತ್ರಗಳನ್ನು ಒದಗಿಸುವ ಅಂತಾರಾಷ್ಟ್ರೀಯ ಕಾರ್ಯಕ್ರಮ ಶಾಲೆಗಳಿಗೆ ಉಚಿತ. ಪೋಷಕರು ಹಣ ಕೊಡುವುದು ಪಾಠಕ್ಕೆ. ಈ ಶಿಕ್ಷಕಿಯ ಪಾಠಕ್ಕೆ ಅದು ಹೆಚ್ಚಲ್ಲ, ಆದರೆ ರಸೀದಿಯಲ್ಲಿ ಅದನ್ನು ‘ಶೋಧ ನೋಂದಣಿ ಶುಲ್ಕ’ ಎಂದು ಬರೆಯುವುದು ಸರಿಯಲ್ಲ.

ವೃತ್ತಿ ಮಾರ್ಗದರ್ಶನದ ಅವಧಿ ಸಪ್ಪೆಯಾಗಿತ್ತು. ಹೊರಗಿನಿಂದ ಬಂದಿದ್ದ ಸಲಹೆಗಾರರು ಭೌತಶಾಸ್ತ್ರದ ಬಿಎಸ್‌ಸಿ, ಎಂಎಸ್‌ಸಿ, ಆಮೇಲೆ ಪ್ರವೇಶಕ್ಕಾಗಿ ಜೆಸ್ಟ್ ಪರೀಕ್ಷೆ, ಪಿಎಚ್‌ಡಿ ಎಂದು ಮೆಟ್ಟಿಲುಗಳನ್ನು ಓದಿಹೇಳಿ, ಕೊಲಾಬಾದ ಟಿಐಎಫ್‌ಆರ್, ಪುಣೆಯ ಐಯುಕಾ, ಅಹಮದಾಬಾದಿನ ಪಿಆರ್‌ಎಲ್, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಎಂದು ಸಂಶೋಧನಾ ಸಂಸ್ಥೆಗಳ ಹೆಸರು ಹೇಳಿ ಎದ್ದುಬಿಟ್ಟರು. ಸಂಶೋಧಕನಾದವನು ದಿನದ ಬಹುಪಾಲು ಪ್ರೋಗ್ರಾಂ ಬರೆಯುವುದರಲ್ಲಿ, ದೋಷದ ಲೆಕ್ಕದಲ್ಲಿ, ದೂರದರ್ಶಕದ ಸಮಯ ಕೇಳಿ ಅರ್ಜಿ ಬರೆಯುವುದರಲ್ಲಿ ಕಳೆಯುತ್ತಾನೆ ಎಂಬುದನ್ನು ಅವರು ಹೇಳಲಿಲ್ಲ. ಶಿಕ್ಷಕಿಯೇ ಆ ಅವಧಿಯನ್ನೂ ತೆಗೆದುಕೊಂಡಿದ್ದರೆ ಚೆನ್ನಾಗಿರುತ್ತಿತ್ತು.

ಸೇರಿಸುವವರು ಎರಡು ಸಂಗತಿ ವಿಚಾರಿಸಿಕೊಳ್ಳಬೇಕು. ಮುಂಬಯಿಯಾಚೆಯ ವಾಂಗಣಿಯಲ್ಲಿ ರಾತ್ರಿ ಆಕಾಶ ವೀಕ್ಷಣೆ ಶುಲ್ಕದಲ್ಲಿ ಸೇರಿದೆ, ಆದರೆ ಮಳೆಗಾಲದ ತಂಡಕ್ಕೆ ಅದು ರದ್ದಾದರೆ ಹಣ ವಾಪಸಿಲ್ಲ. ಆದ್ದರಿಂದ ದೀಪಾವಳಿಯ ನಂತರದ ತಂಡವೇ ಲೇಸು. ಅಸ್ಟ್ರೊಮೆಟ್ರಿಕಾ ವಿಂಡೋಸ್ ಕಂಪ್ಯೂಟರಿಗೆ ಮಾಡಿದ ತಂತ್ರಾಂಶ, ಮತ್ತು ಸಂಸ್ಥೆಯಲ್ಲಿರುವ ಲ್ಯಾಪ್‌ಟಾಪ್‌ಗಳು ಎಲ್ಲರಿಗೂ ಸಾಲುವುದಿಲ್ಲ. ಮನೆಯದನ್ನೇ ಚಾರ್ಜ್ ಮಾಡಿ, ಮೌಸ್ ಸಹಿತ ಕಳುಹಿಸುವುದು ಒಳಿತು.