ಒಂದೇ ನೊಗಕ್ಕೆ ಎರಡು ಎತ್ತು: ಗಿಬ್ಸ್, ಮಾಂಟ್ಗೊಮರಿ ಮತ್ತು ಫ್ಯಾಂಟಸಿ ಅಂಕಗಳ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಮೈದಾನದಲ್ಲಿ ಅವರು ಮಾಡಿದ್ದಕ್ಕೆ ಅಂಕ ಗಳಿಸುವ ಆಟವೇ ಫ್ಯಾಂಟಸಿ. ಚೆಂಡು ಹಿಡಿದು ಓಡುವ ಕೆಲಸವನ್ನು (ಅವರೇ ರನ್ನಿಂಗ್ ಬ್ಯಾಕ್‌ಗಳು) ಒಂದೇ ತಂಡದಲ್ಲಿ ಇಬ್ಬರು ಹಂಚಿಕೊಂಡರೆ ಯಾರನ್ನು ಆರಿಸಬೇಕು? ಮೊದಲು 2023ರ ಡೆಟ್ರಾಯಿಟ್ ಲಯನ್ಸ್ ತಂಡದ ಅಂಕಿ ನೋಡಿ. ಡೇವಿಡ್ ಮಾಂಟ್ಗೊಮರಿ ಆಡಿದ್ದು 14 ಪಂದ್ಯ: 219 ಓಟ (ಅಷ್ಟು ಸಲ ಚೆಂಡು ಹಿಡಿದು ಓಡಿದ), 1015 ಯಾರ್ಡ್, 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು). ಕ್ಯಾಚ್ ಮಾತ್ರ ಬರೀ 16, ಅದರಿಂದ 117 ಯಾರ್ಡ್. ಜಮೀರ್ ಗಿಬ್ಸ್ ಆಡಿದ್ದು 15 ಪಂದ್ಯ: 182 ಓಟ, 945 ಯಾರ್ಡ್, 10 ಟಚ್‌ಡೌನ್. ಅದರ ಮೇಲೆ 52 ಕ್ಯಾಚ್, 316 ಯಾರ್ಡ್, ಇನ್ನೊಂದು ಟಚ್‌ಡೌನ್.

10 ಯಾರ್ಡ್‌ಗೆ 1 ಅಂಕ, ಟಚ್‌ಡೌನ್‌ಗೆ 6, ಕ್ಯಾಚ್‌ಗೆ ಏನೂ ಇಲ್ಲದ ಸ್ಟ್ಯಾಂಡರ್ಡ್ ಲೀಗ್‌ನಲ್ಲಿ ಫಂಬಲ್ (ಕೈಯಿಂದ ಚೆಂಡು ಬೀಳಿಸುವುದು) ಬದಿಗಿಟ್ಟು ಕೂಡಿಸಿದರೆ ಗಿಬ್ಸ್‌ಗೆ 192.1, ಮಾಂಟ್ಗೊಮರಿಗೆ 191.2. ಇಡೀ ಸೀಸನ್ನಿಗೆ ಒಂದು ಅಂಕದಷ್ಟೂ ವ್ಯತ್ಯಾಸವಿಲ್ಲ. ಪಂದ್ಯಕ್ಕೆ ಇಷ್ಟು ಅಂತ ಭಾಗಿಸಿದರೆ ಮಾಂಟ್ಗೊಮರಿಯೇ ಮುಂದೆ: ಅವನಿಗೆ 13.7, ಗಿಬ್ಸ್‌ಗೆ 12.8. ಅದೇ ಇಬ್ಬರನ್ನು ಕ್ಯಾಚ್‌ಗೆ ಪೂರ್ತಿ 1 ಅಂಕ ಕೊಡುವ ಪಿಪಿಆರ್ ಲೀಗ್‌ಗೆ ಹಾಕಿ. ಗಿಬ್ಸ್ 244.1, ಮಾಂಟ್ಗೊಮರಿ 207.2. ಪಂದ್ಯಕ್ಕೆ 16.3 ಮತ್ತು 14.8. ಕ್ಯಾಚ್‌ಗೆ ಅರ್ಧ ಅಂಕ ಕೊಡುವ ಹಾಫ್ ಪಿಪಿಆರ್‌ನಲ್ಲಿ 14.5 ಮತ್ತು 14.2, ಅಂದರೆ ಹೆಚ್ಚುಕಡಿಮೆ ಸಮ.

ಹಾಗಾಗಿ "ಇಬ್ಬರಲ್ಲಿ ಯಾರು ಒಳ್ಳೆಯ ಆಟಗಾರ" ಅನ್ನೋ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ನಿಮ್ಮ ಲೀಗ್‌ನ ಸ್ಕೋರಿಂಗ್ ಪುಟ ತೆಗೆಯಿರಿ. ಸ್ಟ್ಯಾಂಡರ್ಡ್ ಲೀಗ್ ಆಗಿದ್ದರೆ, ಡ್ರಾಫ್ಟ್‌ನಲ್ಲಿ (ಸರದಿಯಂತೆ ಆಟಗಾರರನ್ನು ಆರಿಸುವಾಗ) ಎರಡು ಮೂರು ಸುತ್ತು ತಡವಾಗಿ ಸಿಗುವ ಮಾಂಟ್ಗೊಮರಿಯಂಥವನೇ ನಿಜವಾದ ಲಾಭ. ಪಿಪಿಆರ್‌ನಲ್ಲಿ ಗಿಬ್ಸ್‌ನಂಥವನಿಗೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಯಾಕೆ ಹೀಗೆ ಅನ್ನೋದು ಒಂದು ಸಣ್ಣ ಭಾಗಾಕಾರದಲ್ಲಿ ಗೊತ್ತಾಗುತ್ತದೆ. ಆ ವರ್ಷ ಗಿಬ್ಸ್‌ನ ಒಂದು ಓಟಕ್ಕೆ ಸರಾಸರಿ 5.2 ಯಾರ್ಡ್, ಅಂದರೆ ಅರ್ಧ ಅಂಕ. ಒಂದು ಕ್ಯಾಚ್‌ಗೆ 6.1 ಯಾರ್ಡ್, ಅದಕ್ಕೆ ಪಿಪಿಆರ್‌ನ ಒಂದು ಸೇರಿಸಿದರೆ 1.6 ಅಂಕ. ಟಚ್‌ಡೌನ್ ಬಿಟ್ಟು ನೋಡಿದರೆ ಒಂದು ಕ್ಯಾಚ್ ಮೂರು ಓಟಕ್ಕೆ ಸಮ. ಹಾಫ್ ಪಿಪಿಆರ್‌ನಲ್ಲಿ ಎರಡಕ್ಕೆ ಸಮ, ಸ್ಟ್ಯಾಂಡರ್ಡ್‌ನಲ್ಲಿ ಒಂದಕ್ಕಿಂತ ತುಸು ಹೆಚ್ಚು. ಟಾರ್ಗೆಟ್, ಅಂದರೆ ಅವನ ಕಡೆಗೆ ಎಸೆದ ಪಾಸ್, ಎಲ್ಲವೂ ಕ್ಯಾಚ್ ಆಗುವುದಿಲ್ಲವಾದ್ದರಿಂದ ಪಿಪಿಆರ್‌ನಲ್ಲಿ ಒಂದು ಟಾರ್ಗೆಟ್‌ಗೆ ಎರಡೂವರೆ ಓಟದ ತೂಕ ಕೊಟ್ಟರೆ ಸಾಕು.

ಇದನ್ನು ಹತ್ತಿರದಿಂದ ನೋಡಲು 2023ರಲ್ಲೇ ಎರಡು ಪಂದ್ಯ ಇವೆ. ಎರಡರಲ್ಲೂ ಮಾಂಟ್ಗೊಮರಿ ಗಾಯಗೊಂಡು ಹೊರಗೆ. ಮೂರನೇ ವಾರ ಅಟ್ಲಾಂಟಾ ಫಾಲ್ಕನ್ಸ್ ಎದುರು ಗಿಬ್ಸ್‌ಗೆ 17 ಓಟ ಸಿಕ್ಕಿತು, 80 ಯಾರ್ಡ್ ಬಂತು, ಟಚ್‌ಡೌನ್ ಇಲ್ಲ. ಅಷ್ಟೂ ಓಟದಿಂದ ಸಿಕ್ಕಿದ್ದು 8 ಅಂಕ. ಏಳನೇ ವಾರ ಬಾಲ್ಟಿಮೋರ್‌ನಲ್ಲಿ ಲಯನ್ಸ್ 38-6ರಿಂದ ಸೋತಿತು. ಹಿಂದೆ ಬಿದ್ದ ತಂಡ ಓಡುವುದನ್ನು ಬಿಟ್ಟು ಪಾಸ್ ಮಾಡಲೇಬೇಕು. ಗಿಬ್ಸ್‌ಗೆ ಓಟ ಸಿಕ್ಕಿದ್ದು 11 ಮಾತ್ರ, ಆದರೆ ಕ್ಯಾಚ್ 9. ಒಟ್ಟು 126 ಯಾರ್ಡ್, ಒಂದು ಟಚ್‌ಡೌನ್, ಪಿಪಿಆರ್‌ನಲ್ಲಿ 27.6 ಅಂಕ. ತಂಡ ಮಣ್ಣು ಮುಕ್ಕಿದ ದಿನವೇ ಅವನ ಫ್ಯಾಂಟಸಿ ಮಾಲೀಕನಿಗೆ ಹಬ್ಬ. ಕ್ಯಾಚ್ ಹಿಡಿಯದ ಬ್ಯಾಕ್‌ಗೆ ಇಂಥ ದಿನ ತಟ್ಟೆ ಖಾಲಿ. ಆದ್ದರಿಂದ ತಂಡ ಏಳೆಂಟು ಪಾಯಿಂಟ್‌ಗಳಿಂದ ಸೋಲುವ ಅಂದಾಜಿರುವ ವಾರ ಓಟದ ಮೇಲೇ ನಿಂತವನನ್ನು ಬೆಂಚ್‌ನಲ್ಲಿ ಕೂರಿಸುವುದು ವಾಸಿ. ತಂಡ ಗೆಲ್ಲುವ ಕುದುರೆ ಆಗಿದ್ದರೆ ಅವನನ್ನೇ ಇಳಿಸಬೇಕು, ಕೊನೆಯ ಕ್ವಾರ್ಟರ್‌ನಲ್ಲಿ ಓಡುತ್ತಾ ಸಮಯ ಕಳೆಯುವ ಕೆಲಸ ಅವನದೇ.

ಇನ್ನು ಟಚ್‌ಡೌನ್. ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಗೋಲ್ ಗೆರೆಗೆ ಒಂದೇ ಯಾರ್ಡ್ ದೂರದಿಂದ ಓಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಟಚ್‌ಡೌನ್ ಆಗುತ್ತದೆ. ಅಂದರೆ ಅಲ್ಲಿನ ಒಂದು ಓಟಕ್ಕೆ ಸುಮಾರು 3 ಅಂಕ, ಮೈದಾನದ ನಡುವಿನ ಆರು ಓಟಕ್ಕೆ ಸಮ. ಹಾಗಾಗಿ ಐದು ಯಾರ್ಡ್ ಒಳಗೆ ಚೆಂಡು ಯಾರ ಕೈಗೆ ಹೋಗುತ್ತಿದೆ ಅನ್ನೋದನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಆದರೆ ಆ ಟಚ್‌ಡೌನ್ ಆಟಗಾರನ ಸ್ವಂತ ಆಸ್ತಿಯಲ್ಲ, ತಂಡದಲ್ಲಿ ಅವನು ಕೂತ ಕುರ್ಚಿಯದ್ದು. ಇದೇ ಲಯನ್ಸ್‌ನಲ್ಲಿ 2022ರಲ್ಲಿ ಆ ಕುರ್ಚಿಯಲ್ಲಿ ಇದ್ದವನು ಜಮಾಲ್ ವಿಲಿಯಮ್ಸ್: 262 ಓಟ, 1066 ಯಾರ್ಡ್, 17 ಟಚ್‌ಡೌನ್. ಮರುವರ್ಷ ನ್ಯೂ ಓರ್ಲಿಯನ್ಸ್ ಸೇಂಟ್ಸ್‌ಗೆ ಹೋದ, 106 ಓಟದಲ್ಲಿ ಒಂದೇ ಟಚ್‌ಡೌನ್. ಕುರ್ಚಿ ಡೆಟ್ರಾಯಿಟ್‌ನಲ್ಲೇ ಉಳಿಯಿತು, ಮಾಂಟ್ಗೊಮರಿ ಬಂದು ಕೂತ, 13 ಹೊಡೆದ. ತಂಡದ ದಾಳಿಯ ಯೋಜನೆ ಹಾಕುವ ಆಫೆನ್ಸ್ ಕೋಆರ್ಡಿನೇಟರ್ ಬೆನ್ ಜಾನ್ಸನ್ ಎರಡೂ ವರ್ಷ ಅಲ್ಲೇ ಇದ್ದರು.

2022ರ ಲೆಕ್ಕದಲ್ಲಿ ಇನ್ನೊಂದು ಪಾಠವೂ ಇದೆ. ವಿಲಿಯಮ್ಸ್‌ನ ಜೊತೆಗಾರ ಡಿ'ಆಂಡ್ರೆ ಸ್ವಿಫ್ಟ್ ಓಡಿದ್ದು ಬರೀ 99 ಸಲ, ಆದರೆ 48 ಕ್ಯಾಚ್. ಪಿಪಿಆರ್‌ನಲ್ಲಿ ಪಂದ್ಯಕ್ಕೆ ವಿಲಿಯಮ್ಸ್ 13.4, ಸ್ವಿಫ್ಟ್ 13.5. ಎರಡೂವರೆ ಪಟ್ಟು ಓಡಿದವನೂ ಅಷ್ಟೇ, ಓಡದವನೂ ಅಷ್ಟೇ. ವಿಲಿಯಮ್ಸ್‌ನ ಒಟ್ಟು ಅಂಕದಲ್ಲಿ ಶೇ. 45 ಟಚ್‌ಡೌನ್‌ನಿಂದಲೇ ಬಂದಿತ್ತು. ಈ ಪಾಲು ಶೇ. 40 ದಾಟಿದ ಯಾರನ್ನೇ ಆಗಲಿ, ಮರುವರ್ಷ ಹಳೆಯ ಬೆಲೆಗೆ ಕೊಳ್ಳಬೇಡಿ. ಮಾಂಟ್ಗೊಮರಿಯದು 2023ರಲ್ಲಿ ಶೇ. 38, ಗಡಿಯ ಹತ್ತಿರವೇ ಇತ್ತು. ಗಿಬ್ಸ್‌ನದು ಶೇ. 27.

2024ರಲ್ಲಿ ಏನಾಯಿತು? ಗಿಬ್ಸ್‌ನ ಓಟ 182ರಿಂದ 250ಕ್ಕೆ ಏರಿತು, ಮಾಂಟ್ಗೊಮರಿಯದು 219ರಿಂದ 185ಕ್ಕೆ ಇಳಿಯಿತು. ಓಟದ ಅಂಕಣವನ್ನಷ್ಟೇ ನೋಡುವವರು ಮಾಂಟ್ಗೊಮರಿಯ ಕತೆ ಮುಗೀತು ಅಂದುಕೊಳ್ಳಬೇಕು. ಆದರೆ ಅವನ ಕ್ಯಾಚ್ 16ರಿಂದ 36 ಆಯಿತು, 341 ಯಾರ್ಡ್ ಬಂತು. 12 ಟಚ್‌ಡೌನ್ ಜೊತೆಗೂಡಿ ಪಿಪಿಆರ್ ಸರಾಸರಿ 14.8ರಿಂದ 15.7ಕ್ಕೆ ಹೋಯಿತು. 34 ಓಟ ಕಳೆದುಕೊಂಡು 20 ಕ್ಯಾಚ್ ಗಳಿಸಿದ್ದು ಪಿಪಿಆರ್‌ನಲ್ಲಿ ನಷ್ಟದ ವ್ಯಾಪಾರವೇ ಅಲ್ಲ. ಗಿಬ್ಸ್ ಅಂತೂ 1412 ಯಾರ್ಡ್ ಓಡಿ, 52 ಕ್ಯಾಚ್‌ನಲ್ಲಿ 517 ಯಾರ್ಡ್ ಸೇರಿಸಿ, ಒಟ್ಟು 20 ಟಚ್‌ಡೌನ್ ಹೊಡೆದು ಪಂದ್ಯಕ್ಕೆ 21ರ ಮೇಲೆ ಹೋದ. ಹಂಚಿಕೆ ಇದೆ ಅಂತ ಅವನನ್ನು ಕೆಳಗಿಟ್ಟವರು ಆ ವರ್ಷ ಪಶ್ಚಾತ್ತಾಪ ಪಟ್ಟರು.

ಇಬ್ಬರಿಗೂ ಹೊಟ್ಟೆ ತುಂಬುವಷ್ಟು ಅಡುಗೆ ಆ ಮನೆಯಲ್ಲಿ ಆಗುತ್ತಿದೆಯೇ ಅನ್ನೋದೂ ಮುಖ್ಯ. 2023ರ ಹತ್ತನೇ ವಾರ ಚಾರ್ಜರ್ಸ್ ಎದುರು ಲಯನ್ಸ್ 41-38 ಗೆದ್ದಾಗ ಮಾಂಟ್ಗೊಮರಿ 12 ಓಟದಲ್ಲಿ 116 ಯಾರ್ಡ್, ಒಂದು ಟಚ್‌ಡೌನ್. ಗಿಬ್ಸ್ 14 ಓಟದಲ್ಲಿ 77 ಯಾರ್ಡ್, ಎರಡು ಟಚ್‌ಡೌನ್. 2017ರ ಸೇಂಟ್ಸ್ ಕೂಡ ಹಾಗೇ. ಮಾರ್ಕ್ ಇಂಗ್ರಮ್ 230 ಓಟ, 58 ಕ್ಯಾಚ್. ಆಲ್ವಿನ್ ಕಮಾರಾ 120 ಓಟ, 81 ಕ್ಯಾಚ್. ಇಬ್ಬರೂ ಓಟ, ಕ್ಯಾಚ್ ಸೇರಿಸಿ 1500 ಯಾರ್ಡ್ ದಾಟಿದರು. ಪಂದ್ಯಕ್ಕೆ 20 ಪಾಯಿಂಟ್‌ ಕೂಡ ಗಳಿಸದ ತಂಡದಲ್ಲಿ ಹೀಗೆ ಹಂಚಿ ತಿನ್ನುವವರಿದ್ದರೆ ಇಬ್ಬರನ್ನೂ ಮುಟ್ಟದಿರುವುದೇ ಒಳ್ಳೆಯದು.

ವಾರದ ಲೆಕ್ಕಕ್ಕೆ ಒಂದು ಹಾಳೆ ಸಾಕು. ಇಬ್ಬರ ಹೆಸರಿನ ಮುಂದೆ ಓಟ, ಟಾರ್ಗೆಟ್, ಐದು ಯಾರ್ಡ್ ಒಳಗಿನ ಓಟ ಮತ್ತು ರೂಟ್ (ಪಾಸ್ ಹಿಡಿಯಲೆಂದು ಓಡಿದ ಸಲ), ಈ ನಾಲ್ಕನ್ನು ಬರೆಯಿರಿ. ಸ್ನ್ಯಾಪ್ ಶೇಕಡಾವಾರನ್ನು, ಅಂದರೆ ತಂಡ ದಾಳಿ ಮಾಡಿದ ಸಲಗಳಲ್ಲಿ ಅವನು ಎಷ್ಟರಲ್ಲಿ ಮೈದಾನದಲ್ಲಿದ್ದ ಅನ್ನೋದನ್ನು, ಕೊನೆಗೆ ನೋಡಿ. ಮೂರನೇ ಡೌನ್‌ನಲ್ಲಿ (ಮೂರನೇ ಯತ್ನದಲ್ಲಿ) ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಪಕ್ಕ ನಿಂತು ನುಗ್ಗಿ ಬರುವ ಎದುರಾಳಿಗಳನ್ನು ತಡೆಯುವವನಿಗೂ ಸ್ನ್ಯಾಪ್ ಎಣಿಕೆಯಾಗುತ್ತದೆ, ಆದರೆ ಅದರಿಂದ ಒಂದು ಅಂಕವೂ ಹುಟ್ಟುವುದಿಲ್ಲ. ರೂಟ್ ಓಡಿದ್ದಾನೆಯೇ ಅನ್ನೋದೇ ಮುಖ್ಯ. ಟಾರ್ಗೆಟ್ ಒಂದು ವಾರ ಇಲ್ಲದಿದ್ದರೂ ರೂಟ್ ಏರುತ್ತಿದ್ದರೆ ಆ ಆಟಗಾರನನ್ನು ಬಿಡಬೇಡಿ, ವೇವರ್‌ನಲ್ಲಿದ್ದರೆ (ಲೀಗ್‌ನಲ್ಲಿ ಯಾರ ತಂಡದಲ್ಲೂ ಇಲ್ಲದಿದ್ದರೆ) ಎತ್ತಿಕೊಳ್ಳಿ. ಒಂದು ವಾರದ ಅಂಕಿ ನಂಬಬೇಡಿ. ಮೂರು ವಾರದ್ದನ್ನು ಕೂಡಿಸಿ, ಜೊತೆಗಾರ ಆಡದ ವಾರಗಳನ್ನು ಬೇರೆ ಬರೆಯಿರಿ. ಎರಡನ್ನೂ ಒಂದೇ ರಾಶಿಗೆ ಸುರಿದರೆ ಸರಾಸರಿ ಸುಳ್ಳು ಹೇಳುತ್ತದೆ.

ಜೊತೆಗಾರ ಬಿದ್ದಾಗ ಯಾರು ಏಳುತ್ತಾರೆ ಅನ್ನೋದರಲ್ಲೂ ಇಬ್ಬರೂ ಸಮವಲ್ಲ. ಕ್ಯಾಚ್ ಹಿಡಿಯುವವನಿಗೆ ಗೋಲ್ ಗೆರೆಯ ಕೆಲಸ ಸೇರಿದರೆ ಅವನು ಎಲ್ಲವನ್ನೂ ಮಾಡುವವನಾಗುತ್ತಾನೆ. 2023ರ ಎಂಟನೇ ವಾರ ರೇಡರ್ಸ್ ಎದುರು ಗಿಬ್ಸ್ 26 ಓಟ, 152 ಯಾರ್ಡ್, ಒಂದು ಟಚ್‌ಡೌನ್, 5 ಕ್ಯಾಚ್, 37 ಯಾರ್ಡ್: ಪಿಪಿಆರ್‌ನಲ್ಲಿ 29.9 ಅಂಕ. ಬರೀ ಓಡುವವನ ಜೊತೆಗಾರ ಹೊರಗಾದರೆ ಪಾಸಿಂಗ್ ಕೆಲಸ ಮೂರನೆಯವನ ಪಾಲಾಗುವ ಸಂಭವವೇ ಹೆಚ್ಚು. ಹಾಗಾಗಿ ಬೆಂಚ್‌ನಲ್ಲಿ ಒಂದೇ ಜಾಗ ಇದ್ದರೆ ಕ್ಯಾಚ್ ಹಿಡಿಯುವವನಿಗೇ ಕೊಡಿ. ದಿನಾಂಕವನ್ನೂ ಗಮನಿಸಿ: 2024ರಲ್ಲಿ ಮಾಂಟ್ಗೊಮರಿಯ ಮಂಡಿಗೆ ಪೆಟ್ಟಾಗಿದ್ದು 15ನೇ ವಾರ, ಗಿಬ್ಸ್ ವೈಕಿಂಗ್ಸ್ ಎದುರು ನಾಲ್ಕು ಟಚ್‌ಡೌನ್ ಹೊಡೆದಿದ್ದು 18ನೇ ವಾರ. ಬಹುತೇಕ ಲೀಗ್‌ಗಳ ಫೈನಲ್ 17ಕ್ಕೇ ಮುಗಿದಿರುತ್ತದೆ.

ಬೆಂಗಳೂರಿನಿಂದ ಆಡುವವರಿಗೆ ಒಂದು ಮಾತು. ಆಡದವರ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ ಬರುತ್ತದೆ. ಭಾನುವಾರದ ಮೊದಲ ಸುತ್ತಿನ ಪಂದ್ಯಗಳಿಗೆ ಅದು ನಮ್ಮ ರಾತ್ರಿ 9 ಗಂಟೆ, ನವೆಂಬರ್‌ನಲ್ಲಿ ಅಮೆರಿಕ ಗಡಿಯಾರ ಹಿಂದಿಟ್ಟ ಮೇಲೆ 10. ಇಬ್ಬರಲ್ಲಿ ಒಬ್ಬ ಅನುಮಾನದಲ್ಲಿದ್ದರೆ ಆ ಪಟ್ಟಿ ನೋಡದೆ ತಂಡ ಹಾಕಿ ಮಲಗಬೇಡಿ.